ಸುಂದೊಕ್ ಚಿಕ್ಕಮ್ಮನ ಆಕ್ಟೋಪಸ್ ರುಜು

ಮೊಕ್ಪೊ ಬಂದರಿನಿಂದ ಯುದಾಲ್ ಗುಡ್ಡದ ತುದಿಯವರೆಗೆ ನನ್ನ ಕೈ ಮುಟ್ಟದ ಕಾರ್ಡ್ ಮೆಷಿನ್ ಒಂದೂ ಇಲ್ಲ. ನಾನು ಒಂದು ದಿನ ಹಾಸಿಗೆ ಹಿಡಿದರೆ ಸಾಕು, ಊರಿನ ಅರ್ಧ ಜನ ಉಪವಾಸ ಬೀಳುತ್ತಾರೆ, ಉಳಿದರ್ಧ ಪುಕ್ಕಟೆ ಉಣ್ಣುತ್ತಾರೆ. ಹೆಸರು ಕು ಬೊಂಗ್‌ಚಿಲ್. ಅಂಗಡಿಗೂ ಸಿಯೋಲಿನ ಕಾರ್ಡು ಕಂಪನಿಗೂ ನಡುವೆ ಮಾತು ಸಾಗಿಸುವ ಮಧ್ಯದ ಕಂಪನಿಯೊಂದಕ್ಕೆ ಈ ಕಡೆಯ ಏಜೆಂಟ್. ಮೆಷಿನ್ ಕೂರಿಸುವವನೂ ನಾನೇ, ಕೆಟ್ಟರೆ ಬೈಸಿಕೊಳ್ಳುವವನೂ ನಾನೇ.

ನನ್ನ ಗಿರಾಕಿಗಳ ಪೈಕಿ ಮಹಾರಾಣಿ ಅಂದರೆ ಮಾ ಸುಂದೊಕ್ ಚಿಕ್ಕಮ್ಮ. ಆಕೆಯ ಹೋಟೆಲಿನಲ್ಲಿ ಆಕ್ಟೋಪಸ್ಸನ್ನು ಕಡ್ಡಿಗೆ ಸುತ್ತಿ, ಎಳ್ಳೆಣ್ಣೆ, ಮಸಾಲೆ ಸವರಿ ಸುಟ್ಟುಕೊಡುತ್ತಾರೆ. ಅದರ ವಾಸನೆಗೆ ಜೆಜು ದ್ವೀಪಕ್ಕೆ ಹೊರಟ ಹಡಗುಗಳು ಅರ್ಧ ದಾರಿಯಿಂದ ತಿರುಗಿ ಬಂದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಗಿರಾಕಿಯ ಕಾರ್ಡನ್ನು ಮೆಷಿನ್ನಿಗೆ ತೂರಿಸಿದ ಮೇಲೆ ಪಕ್ಕದ ಪುಟ್ಟ ಪರದೆಯ ಮೇಲೆ ಗಿರಾಕಿ ರುಜು ಹಾಕಬೇಕು. ಆದರೆ ನಮ್ಮಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ? ಅಂಗಡಿಯವರೇ ಒಂದು ಗೀಟು ಎಳೆದು ಮುಗಿಸುತ್ತಾರೆ. ಚಿಕ್ಕಮ್ಮ ಗೀಟಿನಲ್ಲಿ ತೃಪ್ತಿಪಡುವವರಲ್ಲ. ಒಂದು ಬುರುಡೆ, ಎಂಟು ಕಾಲು. ಮಂತ್ರಿ ಬರಲಿ, ಮೀನುಗಾರ ಬರಲಿ, ಎಲ್ಲರ ಹೆಸರಿನಲ್ಲೂ ಒಂದೊಂದು ಆಕ್ಟೋಪಸ್.

ಆ ಆಕ್ಟೋಪಸ್ಸೇ ಆಕೆಯ ಕುತ್ತಿಗೆಗೆ ಸುತ್ತಿಕೊಂಡಿತು.

ಒಂದು ಬೆಳಿಗ್ಗೆ ಫೋನ್ ಬಂತು. ಹೋದೆ. ಹೋಟೆಲಿನ ಬಾಗಿಲಲ್ಲಿರುವ ಗಾಜಿನ ನೀರಿನ ತೊಟ್ಟಿ ಖಾಲಿ. ಅದರ ಮೋಟರು ಸತ್ತು ವಾರವಾಗಿತ್ತು. ಆಕ್ಟೋಪಸ್‌ಗಳನ್ನೆಲ್ಲ ಬಟ್ಟೆ ಒಗೆಯುವ ಟಬ್ಬುಗಳಲ್ಲಿ ಬಿಟ್ಟಿದ್ದರು. ಅವು ಮೆಲ್ಲಗೆ ತಪ್ಪಿಸಿಕೊಂಡು ಅಡುಗೆಮನೆಯಲ್ಲೆಲ್ಲ ಮೆರವಣಿಗೆ ಹೊರಟಿದ್ದವು.

"ಹೊಸ ತೊಟ್ಟಿಗೆ ಅಂತ ಇಟ್ಕೊಂಡಿದ್ದ ದುಡ್ಡು ಹೋಯ್ತು ಬೊಂಗ್‌ಚಿಲ್," ಅಂದರು ಚಿಕ್ಕಮ್ಮ, ಒಂದನ್ನು ಒಲೆಯ ಹಿಂದಿನಿಂದ ಕೀಳುತ್ತಾ. "ಕಳೆದ ತಿಂಗಳು ಆ ಹಳೇ ವಿದ್ಯಾರ್ಥಿಗಳ ಊಟ ಆಯ್ತಲ್ಲ, ಅದರ ದುಡ್ಡನ್ನ ಕಾರ್ಡಿನವರು ವಾಪಸ್ ಕಿತ್ಕೊಂಡ್ರು. ಕಾರ್ಡು ಕಳುವಾಗಿತ್ತಂತೆ. ರುಜುನೂ ಅವರದ್ದಲ್ವಂತೆ."

"ರುಜು ಯಾರದ್ದು?"

"ಇದರದ್ದು," ಎಂದು ಕೈಯಲ್ಲಿದ್ದ ಆಕ್ಟೋಪಸ್ಸನ್ನು ತೋರಿಸಿದರು.

ಯಾರ ಕಾರ್ಡೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಬೂತಾಯಿ ಮೀನು ಹಿಡಿಯುವ ದೋಣಿಯ ತಾಕ್ ಯೊಂಗ್‌ಚುನ್, ಊರಿಗೆಲ್ಲ ಕ್ಯಾಪ್ಟನ್. ಇಪ್ಪತ್ತು ವರ್ಷದ ಗಿರಾಕಿ. ಆ ದಿನ ಹದಿಮೂರು ಗೆಳೆಯರೊಂದಿಗೆ ಉಂಡು, ಕುಡಿದು, ಹಾಡು ಹೇಳಿ, ಬಾಗಿಲಲ್ಲಿ ಎಲ್ಲರನ್ನೂ ತಬ್ಬಿಕೊಂಡು ಹೋದದ್ದಕ್ಕೆ ಇಡೀ ಓಣಿಯೇ ಸಾಕ್ಷಿ.

"ಹೋಗಿ ಕೇಳಬೇಕು ಚಿಕ್ಕಮ್ಮ."

"ಹೆಂಗೆ ಕೇಳಲಿ? ನೀವು ಸುಳ್ಳುಗಾರರು ಅಂತಲಾ? ಆಮೇಲೆ ಆ ಮನುಷ್ಯ ಈ ಹೊಸ್ತಿಲು ತುಳಿಯಲ್ಲ. ಬಿಡು."

ಬಿಡುವುದು ನನ್ನ ಜಾತಕದಲ್ಲೇ ಬರೆದಿಲ್ಲ. ಮರುದಿನ ಮಧ್ಯಾಹ್ನ ಕ್ಯಾಪ್ಟನ್ನನ್ನು ನಾನೇ ಚಿಕ್ಕಮ್ಮನ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋದೆ. ಬಿಟ್ಟಿ ಊಟ ಅಂದರೆ ನಡುಗಡಲಿನಲ್ಲಿದ್ದರೂ ಈಜಿ ಬರುವ ಆಸಾಮಿ. ಕೂತವನೇ ಆಕ್ಟೋಪಸ್ ಕಡ್ಡಿ ಹಿಡಿದ.

"ಹೊಸ ಕಾರ್ಡು ಬಂತಾ ಕ್ಯಾಪ್ಟನ್ ಅಣ್ಣ?"

"ಇನ್ನೂ ಇಲ್ಲಪ್ಪ. ಹಳೇದು ಕಳುವಾಯ್ತು ನೋಡು."

"ಕೇಳಿದೆ. ಕಳ್ಳ ಭಾರಿ ಹೊಟ್ಟೆಬಾಕ ಇರಬೇಕು. ಒಬ್ಬನೇ ಕೂತು ಹದಿನಾಲ್ಕು ಜನರ ಊಟ ಹೊಡೆದಿದ್ದಾನೆ. ಮೇಲೆ ಸ್ಟೂಲು ಹತ್ತಿ ಹಾಡೂ ಹೇಳಿದ್ನಂತೆ. ಶ್ರುತಿ ಮಾತ್ರ ಇರಲಿಲ್ಲವಂತೆ."

ಕ್ಯಾಪ್ಟನ್‌ಗೆ ಆಕ್ಟೋಪಸ್ಸಿನ ಕಾಲು ಗಂಟಲಲ್ಲಿ ಸಿಕ್ಕಿಕೊಂಡಿತು. ನೀರು ಕುಡಿದು, ಅತ್ತಿತ್ತ ನೋಡಿ, ನನ್ನ ಕಿವಿಯ ಹತ್ತಿರ ಬಂದ. "ಮೆಲ್ಲಗೆ ಮಾತಾಡೋ. ಎಲ್ಲರಿಗೂ ನಾನೇ ಊಟ ಕೊಡಿಸಲ್ಲ ಅಂತ ಹೆಂಡತಿ ಆಣೆ ಹಾಕಿಸಿಕೊಂಡಿದ್ಳು. ಕಾರ್ಡು ಉಜ್ಜಿದ ಕೂಡಲೇ ಅವಳ ಫೋನಿಗೆ ಮೆಸೇಜು ಹೋಗಿದೆ. ಮನೆಗೆ ಹೋದ್ರೆ ಬಾಗಿಲಲ್ಲೇ ನಿಂತಿದ್ಳು. ಕಾರ್ಡು ಕಳುವಾಯ್ತು ಅಂತ ಬಾಯಿಗೆ ಬಂದಿದ್ದು ಹೇಳಿದೆ. ಆಮೇಲೆ ಅವಳೇ ಎದುರು ಕೂತು ಕಂಪನಿಗೆ ಫೋನ್ ಮಾಡಿಸಿದ್ಳು. ಯಾರಿಗೇನು ನಷ್ಟ ಬಿಡು. ಸಿಯೋಲಲ್ಲಿ ಅವರಿಗೆ ನಲವತ್ತು ಅಂತಸ್ತಿನ ಕಟ್ಟಡ ಇದೆ."

ಆಗ ನಾನು ಮೇಜಿನ ಮೇಲಿನ ತಟ್ಟೆಗಳನ್ನು ಸರಿಸಿದೆ. ಇಂಥ ಪಾಠವನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಈ ಸಮುದ್ರದ ಆಚೆಗೂ ಇಲ್ಲ, ಈಚೆಗೂ ಇಲ್ಲ.

"ಈ ಆಕ್ಟೋಪಸ್ ತಟ್ಟೆ ಚಿಕ್ಕಮ್ಮನ ಹೋಟೆಲು. ಈ ಕಿಮ್ಚಿ ಬಟ್ಟಲು ನಾನು, ಅಂದ್ರೆ ಮಧ್ಯದ ಕಂಪನಿ. ಆ ಸೋಜು ಬಾಟ್ಲಿ ನಿಮ್ಮ ಕಾರ್ಡು ಕಂಪನಿ. ಕಾರ್ಡು ತೂರಿಸಿದ ತಕ್ಷಣ ಇಲ್ಲಿಂದ ಒಂದು ಪ್ರಶ್ನೆ ಹೋಗುತ್ತೆ, ಈ ಮನುಷ್ಯನ್ನ ನಂಬಬಹುದಾ ಅಂತ. ನನ್ನನ್ನ ದಾಟಿ ಬಾಟ್ಲಿ ಮುಟ್ಟುತ್ತೆ. ಬಾಟ್ಲಿ 'ಹೂಂ' ಅನ್ನುತ್ತೆ. ಅದು ವಾಪಸ್ ಬರೋ ಹೊತ್ತಿಗೆ ನಿಮ್ಮ ರೆಪ್ಪೆ ಇನ್ನೂ ಅರ್ಧ ಮುಚ್ಚಿರುತ್ತೆ. ಆದ್ರೆ ಬಂದಿದ್ದು ಹೂಂ ಅನ್ನೋ ಮಾತು ಮಾತ್ರ, ದುಡ್ಡಲ್ಲ."

"ದುಡ್ಡು?"

"ದುಡ್ಡು ಎರಡು ಮೂರು ದಿನ ಬಿಟ್ಟು ಬರುತ್ತೆ, ನಡ್ಕೊಂಡು. ಆಮೇಲೆ ನೀವು ಫೋನ್ ಮಾಡಿ, ನಾನಲ್ಲ, ರುಜು ನನ್ನದಲ್ಲ ಅಂದ್ರೆ, ಬಾಟ್ಲಿಯವರು ರುಜು ನೋಡ್ತಾರೆ. ನೋಡಿದ್ರೆ ಎಂಟು ಕಾಲು. ರುಜು ಸರಿಯಾಗಿ ನೋಡದೆ ಕಾರ್ಡು ತಗೊಂಡಿದ್ದು ಅಂಗಡಿಯವರ ತಪ್ಪು ಅಂತ ನಿಯಮ. ನಲವತ್ತು ಅಂತಸ್ತಿನಿಂದ ಒಂದು ಬಿಡಿಗಾಸೂ ಉದುರಲ್ಲ. ಚಿಕ್ಕಮ್ಮನಿಗೆ ಬರಬೇಕಾದ ದುಡ್ಡಲ್ಲಿ ಮುರ್ಕೊಂಡ್ರು." ಹಾಗೆಂದು ತಟ್ಟೆಯಲ್ಲಿದ್ದ ಕೊನೆಯ ಕಡ್ಡಿಯನ್ನು ಎತ್ತಿ ನಾನೇ ತಿಂದೆ.

ಕ್ಯಾಪ್ಟನ್ ಖಾಲಿ ತಟ್ಟೆ ನೋಡಿದ. ಬಾಗಿಲಲ್ಲಿದ್ದ ಒಣ ತೊಟ್ಟಿ ನೋಡಿದ. ಅಷ್ಟರಲ್ಲಿ ಒಂದು ಆಕ್ಟೋಪಸ್ ಅವನ ಕಾಲ ಹತ್ತಿರವೇ ಹಾದುಹೋಯಿತು. ಅದರ ಬೆನ್ನುಹತ್ತಿ ಚಿಕ್ಕಮ್ಮ ಬಂದರು.

"ಕಂಪನಿಯವರು ಕೊಡ್ತಾರೆ ಅಂದ್ಕೊಂಡೆ ಚಿಕ್ಕಮ್ಮ," ಅಂದ ಅವನು. ದನಿ ಬೂತಾಯಿಯಷ್ಟು ಸಣ್ಣದಾಗಿತ್ತು. "ಆದ್ರೂ ನೀವು ನನ್ನ ಕಾರ್ಡೇ ಯಾಕೆ ತಗೊಂಡ್ರಿ? ಬಿಲ್ಲು ನಾನು ಕೊಡ್ತೀನಿ ಅಂತ ಎಲ್ಲರೂ ಕಾರ್ಡು ಚಾಚಿದ್ರು, ನಾನೂ ಮರ್ಯಾದೆಗೆ ಚಾಚಿದೆ."

"ಇಪ್ಪತ್ತು ವರ್ಷದಿಂದ ಮರ್ಯಾದೆಗೆ ಚಾಚ್ತಾ ಇದ್ದೀರಿ. ಎಲ್ಲರ ಕೈ ನನ್ನ ಮೂಗಿಗೆ ತಾಗುತ್ತೆ, ನಿಮ್ಮ ಕೈ ಮಾತ್ರ ಯಾವಾಗ್ಲೂ ಒಂದು ಮೊಳ ಹಿಂದೆ. ಮೂರು ವರ್ಷದಿಂದ ನಿಮ್ಮ ಜೊತೆ ಓದಿದ ಆ ಬಡಪಾಯಿ ಮೇಷ್ಟ್ರ ಕಾರ್ಡೇ ಮುಂದೆ ಬರ್ತಿತ್ತು, ಅವರೇ ಕೊಟ್ರು. ಈ ಸಲ ನಾನೇ ಒಂದು ಮೊಳ ಬಗ್ಗಿ ನಿಮ್ಮದು ಎಳ್ಕೊಂಡೆ."

ಕ್ಯಾಪ್ಟನ್ ನನ್ನ ಕಡೆ ತಿರುಗಿದ. ಮೆಲ್ಲಗೆ ಕೇಳಿದ, "ದೂರು ವಾಪಸ್ ತಗೊಂಡ್ರೆ ಅವಳ ಫೋನಿಗೆ ಮೆಸೇಜು ಹೋಗುತ್ತಾ?"

"ಹೋಗುತ್ತೆ. ಅದು ಮಾತ್ರ ನಡ್ಕೊಂಡು ಹೋಗಲ್ಲ."

ಅವನು ಫೋನ್ ತೆಗೆದ. ಬಿರುಗಾಳಿಯಲ್ಲಿ ದೋಣಿ ಇಳಿಸಿದ ಗಂಡಸು, ನಂಬರನ್ನು ಮೂರು ಸಲ ತಪ್ಪಾಗಿ ಒತ್ತಿದ. "ಕಾರ್ಡು ಕಳುವಾಗಿರಲಿಲ್ಲಮ್ಮ. ಉಂಡವನು ನಾನೇ," ಎಂದು ಆ ಕಡೆಯ ಹುಡುಗಿಗೆ ಎರಡೆರಡು ಸಲ ಹೇಳಬೇಕಾಯಿತು, ಮೊದಲನೆಯ ಸಲ ಅವಳು ನಂಬಲಿಲ್ಲ.

ಸಾರು ಆರುವ ಮೊದಲೇ ಅವನ ಹೆಂಡತಿ ಹ್ಯೋಸಿಮ್ ಬಾಗಿಲಲ್ಲಿದ್ದಳು. ಗಾಳಿ ತಾನಾಗಿ ಪಕ್ಕಕ್ಕೆ ಸರಿಯಿತು ಅಂದರೆ ಉತ್ಪ್ರೇಕ್ಷೆಯಲ್ಲ. ಗಂಡನನ್ನು ನೋಡಲೂ ಇಲ್ಲ, ಚಿಕ್ಕಮ್ಮನಿಗೆ ತಲೆ ಬಾಗಿಸಿದಳು. ಆಮೇಲೆ ಅವನ ಕಡೆ ತಿರುಗಿದಳು.

"ಕಳ್ಳ ಉಂಡು ಹೋದ ರಾತ್ರಿ ನಿಮ್ಮ ಕೋಟು ಎಳ್ಳೆಣ್ಣೆ ವಾಸನೆ ಹೊಡೀತಿತ್ತು. ನೀವಾಗಿ ಹೇಳ್ತೀರಿ ಅಂತ ಕಾದೆ. ಆದ್ರೆ ಇವರ ತಲೆ ಮೇಲೆ ಬರುತ್ತೆ ಅಂತ ಗೊತ್ತಿದ್ದಿದ್ರೆ ಅವತ್ತೇ ಕಿವಿ ಹಿಂಡಿ ಕರ್ಕೊಂಡು ಬರ್ತಿದ್ದೆ."

ದುಡ್ಡು ಅದೇ ವಾರ ಚಿಕ್ಕಮ್ಮನ ಖಾತೆಗೆ ಮರಳಿತು. ಹೊಸ ತೊಟ್ಟಿ ಬಂತು. ಅಷ್ಟು ದೊಡ್ಡದು ಅಂದರೆ ಅದರಲ್ಲಿ ಒಂದು ತಿಮಿಂಗಿಲ ಸಂಸಾರ ಹೂಡಬಹುದು.

ಇಷ್ಟಾದರೂ ಚಿಕ್ಕಮ್ಮ ಆಕ್ಟೋಪಸ್ ಬರೆಯುವುದನ್ನು ಬಿಟ್ಟಿಲ್ಲ. ನಾನು ನೂರು ಸಲ ಹೇಳಿ ಸೋತಿದ್ದೇನೆ. ಆದರೆ ಕ್ಯಾಪ್ಟನ್ ಕಾರ್ಡು ಕೊಟ್ಟಾಗ ಮಾತ್ರ ಪುಟ್ಟ ಪರದೆಯನ್ನು ಅವನ ಕಡೆ ತಿರುಗಿಸಿ, ಪೆನ್ನು ಕೈಗೆ ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಅವನು ಶಾಲೆಯ ಮಗುವಿನ ಹಾಗೆ ತುಟಿ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಹೆಸರು ಬರೆಯುತ್ತಾನೆ. ಹಿಂದೆ ನಿಂತ ಗೆಳೆಯರು, ಮೇಷ್ಟ್ರೂ ಸೇರಿ, ತಮ್ಮ ಕಾರ್ಡು ಜೇಬಲ್ಲೇ ಬಿಟ್ಟು, ಬೂಟು ಹಾಕಿಕೊಂಡು ಕಾಯುತ್ತಾರೆ.