ಗುಂಡಿಯ ಬಾಟಲಿಗಳು

"ಇದನ್ನೂ ಹಾಕ್ಲಾ ಅಕ್ಕಾ?" ಎಂದು ತಂಗಿ ಕೇಳಿದಾಗ ದರ್ಜಿ ಹೆಂಗಸು ಅದೇನೆಂದು ನೋಡದೆಯೇ "ಹಾಕು" ಎಂದಳು. ಹೊರಗೆ ಗುಜರಿಯವನು ತಕ್ಕಡಿ ಇಟ್ಟುಕೊಂಡು ಕೂತಿದ್ದ. ಗಂಡ ಸತ್ತು ತಿಂಗಳಾಗಿತ್ತು. ಬೆಳಗಿನಿಂದ ಅವಳ ಬಾಯಿಂದ ಬಂದದ್ದು ಅದೊಂದೇ ಮಾತು.

ಸತ್ತವನು ಗಡಿಯಾರ ರಿಪೇರಿ ಮಾಡುತ್ತಿದ್ದ. ಆಡು ಮುಟ್ಟದ ಸೊಪ್ಪಿಲ್ಲ, ಅವನು ಎತ್ತಿಡದ ಡಬ್ಬಿಯಿಲ್ಲ. ಹಳೆಯ ಬೆಲ್ಟನ್ನು ಗೋಡೆಗೆ ಅಲ್ಲಲ್ಲಿ ಮೊಳೆ ಹೊಡೆದು ಕೂರಿಸಿ ಸ್ಕ್ರೂಡ್ರೈವರುಗಳಿಗೆ ಮನೆ ಮಾಡಿದ್ದ. ಮೊಟ್ಟೆಯ ಟ್ರೇಯಲ್ಲಿ ಹೆಂಡತಿಯ ದಾರದ ಉಂಡೆಗಳು, ಹಿಡಿ ಮುರಿದ ಲೋಟದಲ್ಲಿ ಕತ್ತರಿಗಳು. ಒಡೆದ ಸ್ಪೀಕರಿನ ಅಯಸ್ಕಾಂತವನ್ನು ಹೊಲಿಗೆ ಮೆಷಿನ್ನಿಗೆ ಅಂಟಿಸಿದ ಮೇಲೆ ಗುಂಡುಸೂಜಿಗಳು ನೆಲಕ್ಕೆ ಬೀಳುವುದೂ ನಿಂತಿತ್ತು. "ನಮ್ ಭಾವ ಕಸದಿಂದ ರಸ ತೆಗೀತಾರೆ, ಆದ್ರೆ ಮನೆ ತುಂಬಾ ಕಸಾನೇ ಕಾಣುತ್ತೆ" ಎಂದು ತಂಗಿ ಛೇಡಿಸುತ್ತಿದ್ದಳು. ಈಗ ಅವಳೇ ಒಂದೇ ಅಳತೆಯ ಹೊಸ ಪ್ಲಾಸ್ಟಿಕ್ ಡಬ್ಬಿಗಳನ್ನು ತಂದು ಸಾಲಾಗಿ ಜೋಡಿಸಿದ್ದಳು.

ಕಾಯಿಲೆ ಬಂದ ಮೇಲೆ ಮಾತ್ರೆಯ ಬಾಟಲಿಗಳೂ ಆ ಸಂಸಾರಕ್ಕೆ ಸೇರಿಕೊಂಡವು. "ಇದನ್ನ ತಿಂದ್ರೆ ಕೈ ನಡುಗುತ್ತೆ ಕಣೇ. ನಡುಗೋ ಕೈಲಿ ಗಡಿಯಾರ ಬಿಚ್ಚೋದು ಹೇಗೆ?" ಎಂದು ಅವನು ಒಮ್ಮೆ ಗೊಣಗಿದ್ದ.

"ಜೀವಕ್ಕಿಂತ ಗಡಿಯಾರ ಹೆಚ್ಚಾಯ್ತಾ? ಸುಮ್ನೆ ತಿನ್ರೀ. ಬಾಟ್ಲಿ ಖಾಲಿ ಆದ್ರೆ ನಂಗೂ ಗುಂಡಿ ಹಾಕ್ಕೊಳಕ್ಕೆ ಆಗುತ್ತೆ."

"ಓಹೋ! ನಿಂಗೆ ಬೇಕಾಗಿರೋದು ಬಾಟ್ಲಿ ಅನ್ನು" ಎಂದು ಅವನು ನಕ್ಕಿದ್ದ.

ಆಮೇಲೆ ಬಾಟಲಿಗಳು ಹೊತ್ತಿಗೆ ಸರಿಯಾಗಿ ಖಾಲಿಯಾದವು. ಅವನೇ ತೊಳೆದು, ಬಿಸಿಲಿಗೆ ಒಣಗಿಸಿ, "ತಗೋ, ಇನ್ನೊಂದು" ಎಂದು ಮೆಷಿನ್ನಿನ ಮೇಲೆ ತಂದಿಡುತ್ತಿದ್ದ. ಕೈ ನಡುಗುವುದೂ ನಿಂತಿತು. ಮೈಗೆ ಔಷಧಿ ಒಗ್ಗಿತು ಎಂದುಕೊಂಡು ಅವಳು ಖುಷಿಪಟ್ಟಳು.

ಅವನು ಹೋದ ದಿನ ಅವಳು ಅಳಲಿಲ್ಲ, ಆಮೇಲೂ ಅಳು ಬರಲಿಲ್ಲ. ಒಳಗೆಲ್ಲ ಜೋಮು ಹಿಡಿದಂತಿತ್ತು. ಬಂದವರಿಗೆಲ್ಲ ಒಂದೇ ಮಾತು ಹೇಳಿದಳು: "ಒಂದು ಹೊತ್ತೂ ಮಾತ್ರೆ ತಪ್ಪಿಸಿಲ್ಲ ನಾನು." ಆ ಮಾತೊಂದನ್ನು ಹಿಡಿದುಕೊಂಡೇ ಅವಳು ಎದ್ದು ಓಡಾಡುತ್ತಿದ್ದಳು.

ತಂಗಿ ಮೇಜಿನ ಕೆಳಗಿನಿಂದ ದೊಡ್ಡ ಬಿಸ್ಕೆಟ್ ಡಬ್ಬಿಯೊಂದನ್ನು ಎಳೆದು, "ಮೊಳೆ ಡಬ್ಬಿ ಇದು. ಎಷ್ಟು ಭಾರ ಇದೆ ನೋಡು" ಎಂದಳು.

"ತಗಡು ಬೇರೆ, ಕಬ್ಬಿಣ ಬೇರೆ ಮಾಡ್ಕೊಡಿ ಅಮ್ಮಾ, ಒಟ್ಟಿಗೆ ತೂಗಕ್ಕಾಗಲ್ಲ" ಎಂದು ಗುಜರಿಯವನು ಹೊರಗಿನಿಂದಲೇ ಕೂಗಿದ.

ತಂಗಿ ಹಳೆಯ ಸ್ಟೌವನ್ನು ಎತ್ತಿಕೊಂಡು ಆಚೆ ನಡೆದಳು. ದರ್ಜಿ ಹೆಂಗಸು ಪೇಪರು ಹಾಸಿ ಡಬ್ಬಿಯನ್ನು ಬೋರಲು ಹಾಕಿದಳು. ಮೊದಲು ಮೊಳೆ, ತಿರುಪುಗಳು ಬಿದ್ದವು. ಅವುಗಳ ಹಿಂದೆಯೇ ಬೆಳ್ಳಗಿನ, ಗುಂಡಗಿನ ಏನೋ ಸುರಿಯಿತು. ಸುರಿಯುತ್ತಲೇ ಇತ್ತು.

"ಅಂಗಿ ಗುಂಡಿ ಅಲ್ವಾ ಅವು? ಭಾವ ಅಲ್ಲೂ ತುಂಬಿಟ್ಟಿದ್ರಾ?" ಎಂದು ಬಾಗಿಲಲ್ಲಿ ತಂಗಿ ನಕ್ಕಳು.

ಅಕ್ಕ ಒಂದನ್ನು ಎತ್ತಿ ನೋಡಿದಳು. ತೂತುಗಳಿರಲಿಲ್ಲ. ತಿಕ್ಕಿದರೆ ಬೆರಳಿಗೆ ಬಿಳಿ ಪುಡಿ ಅಂಟಿತು.

ಎದ್ದು ಗುಂಡಿಯ ಬಾಟಲಿಗಳಿದ್ದ ಕಪಾಟಿನ ಹತ್ತಿರ ಹೋದಳು. ಮೊದಲನೆಯ ಬಾಟಲಿ ತೆಗೆದು ಅದರ ಗುಂಡಿಗಳನ್ನು ಹೊಸ ಡಬ್ಬಿಗೆ ಸುರಿದಳು. ಪೇಪರಿನ ಮುಂದೆ ಕೂತು, ಮೊಳೆಗಳ ನಡುವಿನಿಂದ ಮಾತ್ರೆಗಳನ್ನು ಒಂದೊಂದಾಗಿ ಹೆಕ್ಕಿ ಬಾಟಲಿಗೆ ಹಾಕತೊಡಗಿದಳು. ಅದು ಕತ್ತಿನವರೆಗೂ ತುಂಬಿತು. ಪೇಪರಿನ ಮೇಲಿನ ರಾಶಿ ಕರಗಿದಂತೆ ಕಾಣಲಿಲ್ಲ. ಎದ್ದು ಎರಡನೆಯ ಬಾಟಲಿ ತಂದಳು.

"ಸದ್ಯ! ಈಗ್ಲಾದ್ರೂ ಕೆಲ್ಸಕ್ಕೆ ಕೈ ಹಾಕಿದ್ಯಲ್ಲ" ಎಂದಳು ತಂಗಿ. ನಿಜಕ್ಕೂ ಅವಳಿಗೆ ಸಮಾಧಾನವಾಗಿತ್ತು. "ಆ ಡಬ್ಬಿ ಹಾಕೋದೋ, ಇಟ್ಕೊಳೋದೋ?"

ಅಕ್ಕ ಮೂರನೆಯ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು.