ತುಟಿ ಕೂಡದ ಮಾತು

"ಪಾಪಕ್ಕಾ, ಮತ್ತೆ ತುಟಿ ಕೂಡ್ತಿದೆ!" ಗಾಜಿನಾಚೆಯಿಂದ ರೆಕಾರ್ಡಿಸ್ಟ್ ಹನ್ನೊಂದನೇ ಸಲ ಹೇಳಿದ.

ತೆರೆಯ ಮೇಲಿನ ಮುದುಕಿ ತನ್ನದೇ ಹಳೇ ಫೋಟೊ ಹಿಡಿದು ಒಂದೇ ಒಂದು ಪದ ಆಡುತ್ತಾಳೆ: "ನಿನ್ಯೆಸ್." ಕನ್ನಡಕ್ಕೆ ಡಬ್ ಆಗುತ್ತಿರುವ ಸ್ಪ್ಯಾನಿಷ್ ಸಿನಿಮಾ. ಆ ಪದ ಆಡುವಾಗ ಮುದುಕಿಯ ತುಟಿಗೆ ತುಟಿ ತಾಗುವುದಿಲ್ಲ. "ಬಾಲ್ಯ" ಎನ್ನಹೋದರೆ ಮೊದಲ ಅಕ್ಷರಕ್ಕೇ ಬಾಯಿ ಮುಚ್ಚಬೇಕು. "ಎಳೆತನ" ಅಂದು ನೋಡಿದ್ದಾಯಿತು. ಮುದುಕಿ ಸುಮ್ಮನಾದ ಮೇಲೂ ಮಾತು ಉಳಿಯಿತು. ಒಂದು ಪದಕ್ಕೆ ಎಂಥ ಪೇಚಾಟ!

ಮೈಕಿನ ಮುಂದಿದ್ದವಳು ಮೂವತ್ತು ವರ್ಷ ಈ ಡಬ್ಬಿಂಗ್ ಸ್ಟುಡಿಯೊದಲ್ಲಿ ಮಕ್ಕಳಿಗೆ ದನಿ ಕೊಟ್ಟವಳು. ತೆರೆಯ ಮೇಲೆ ಯಾವ ಕೂಸು ಅತ್ತರೂ ಅಳು ಇವಳದ್ದೇ. ಅದಕ್ಕೇ ಎಲ್ಲರಿಗೂ ಪಾಪಕ್ಕ. ಈಗ ಗಂಟಲು ಒರಟಾಗಿ ಮಕ್ಕಳ ಪಾತ್ರಗಳು ಬೇರೆಯವರ ಪಾಲಾಗಿವೆ. ಮುದುಕಿಯರ ದನಿಗಾದರೂ ಒಗ್ಗುತ್ತಾಳೋ ನೋಡೋಣ ಎಂದು ಇವತ್ತು ಕರೆಸಿದ್ದರು. ಒಗ್ಗದಿದ್ದರೆ ನಾಳೆಯಿಂದ ಮನೆ, ನಾಲ್ಕು ಗೋಡೆ, ಅವಳೊಬ್ಬಳೇ.

"ಆ ಪದಕ್ಕೆ ಸರಿಯಾದ ಅರ್ಥ ಏನಪ್ಪಾ? ಬರೀ ಬಾಲ್ಯಾನಾ?" ರೆಕಾರ್ಡಿಸ್ಟಿನ ಪಕ್ಕ ಕೂತಿದ್ದ ಅನುವಾದಕನನ್ನು ಮೈಕಿನಲ್ಲೇ ಕೇಳಿದಳು.

"ಅವರಲ್ಲಿ ಎರಡು ಪದ ಇದೆ ಪಾಪಕ್ಕ. ಇನ್‌ಫಾನ್ಸಿಯಾ ಅನ್ನೋದು ಸ್ವಲ್ಪ ಕಾಗದಪತ್ರದ ಮಾತು. ಅದರ ಮೂಲ ನೋಡಿದ್ರೆ, ಮಾತು ಬಾರದ ವಯಸ್ಸು ಅಂತ. ನಿನ್ಯೆಸ್ ಅಂದ್ರೆ ಓಡಾಡ್ಕೊಂಡು, ಮಂಡಿ ತರಚಿಕೊಂಡು ಇರೋ ವಯಸ್ಸು."

"ಮಾತಿಲ್ಲದ್ದೇ ಬಾಲ್ಯ ಆದ್ರೆ ಭಾನುವಾರ ಇಡೀ ದಿನ ನಾನು ಕೂಸೇ ಬಿಡು."

ಅವರಿಬ್ಬರೂ ನಕ್ಕರು. ಅವಳಿಗೆ ನಗು ಬರಲಿಲ್ಲ.

"ಕೊನೇ ಟೇಕ್ ಪಾಪಕ್ಕ. ಆಗ್ಲಿಲ್ಲ ಅಂದ್ರೆ ಬೇರೆ ಯಾರನ್ನಾದ್ರೂ..." ಎನ್ನುತ್ತಾ ರೆಕಾರ್ಡಿಸ್ಟ್ ಗುಂಡಿ ಒತ್ತಿದ.

ಕೆಂಪು ದೀಪ ಹತ್ತಿತು. ಮುದುಕಿ ಫೋಟೊ ಎತ್ತಿಕೊಂಡಳು. ಎರಡು ಜಡೆಯ ಹುಡುಗಿ, ಮಂಡಿಗೆ ಬಟ್ಟೆಯ ಪಟ್ಟಿ. ಪಾಪಕ್ಕ ಕೈಯಲ್ಲಿದ್ದ ಹಾಳೆ ನೋಡುವುದನ್ನೇ ಮರೆತಳು.

"ಚಿನ್ನಿ" ಎಂದಳು.

"ಕೂತ್ಕೊಳ್ತು!" ರೆಕಾರ್ಡಿಸ್ಟ್ ಕುರ್ಚಿಯಿಂದ ಎದ್ದೇಬಿಟ್ಟ. "ಕೂದಲೆಳೆಯಷ್ಟೂ ಆಚೀಚೆ ಇಲ್ಲ!"

"ಅದು ಯಾವುದೋ ಹುಡುಗಿ ಹೆಸರಲ್ವಾ? ಅರ್ಥ ಎಲ್ಲಿ ಬಂತು?" ಎಂದ ಅನುವಾದಕ.

"ತನ್ನನ್ನ ತಾನೇ ಕರ್ಕೋತಿದಾಳೆ ಕಣಪ್ಪಾ. ಆ ಮುದಿ ವಯಸ್ಸಲ್ಲಿ ಇನ್ಯಾರಿದಾರೆ ಕರೆಯೋಕೆ?"

ಅವನು ತನ್ನ ಹಾಳೆಯಲ್ಲಿ ಬಾಲ್ಯ ಹೊಡೆದುಹಾಕಿ ಚಿನ್ನಿ ಎಂದು ಬರೆದುಕೊಂಡ.

"ಸೋಮವಾರ ಹತ್ತಕ್ಕೆ ಬಂದ್ಬಿಡಿ ಪಾಪಕ್ಕ. ಮುದುಕಿಯದು ಇನ್ನೂ ಬೇಕಾದಷ್ಟಿದೆ" ಎಂದ ರೆಕಾರ್ಡಿಸ್ಟ್.

ಪಾಪಕ್ಕನನ್ನು ಚಿನ್ನಿ ಎಂದು ಕರೆಯುತ್ತಿದ್ದವಳು ಅವಳ ಅಕ್ಕ ಒಬ್ಬಳೇ. ಅಕ್ಕ ತೀರಿಕೊಂಡು ಮೂರು ವರ್ಷವಾಗಿತ್ತು. ಅಲ್ಲಿಂದೀಚೆಗೆ ಆ ಹೆಸರು ಯಾರ ಬಾಯಲ್ಲೂ ಬಂದಿರಲಿಲ್ಲ.

"ಒಂದ್ಸಲ ಕೇಳಿಸು."

"ಚೆನ್ನಾಗೇ ಬಂದಿದೆ, ಬೇಡ ಬಿಡಿ."

"ಕೇಳಿಸಪ್ಪಾ ಅಂದ್ರೆ."

ಅವನು ಹಾಕಿದ. ಹೆಡ್‌ಫೋನಿನಲ್ಲಿ ವಯಸ್ಸಾದ ದನಿಯೊಂದು, ಪಕ್ಕದ ಕೋಣೆಯಿಂದಲೇ ಎಂಬಂತೆ, "ಚಿನ್ನಿ" ಎಂದಿತು.

ಕೆಂಪು ದೀಪ ಆರಿತ್ತು. ಗಾಜಿನಾಚೆ ಇಬ್ಬರೂ ತಂತಿ ಸುತ್ತುತ್ತಾ, ಹಾಳೆ ಜೋಡಿಸುತ್ತಾ ಬೆನ್ನು ತಿರುಗಿಸಿದ್ದರು. ಪಾಪಕ್ಕ ಒಳಗೆ ನಿಂತಲ್ಲೇ, ಮೆಲ್ಲಗೆ, "ಓ... ಬಂದೆ" ಎಂದಳು.