ಎಡಗೈ ನೇಮ

ಟಿಕಳಿ ಕಾಣುತ್ತಿರಲಿಲ್ಲ. ಗೋಡೆ ಕಾಣುತ್ತಿತ್ತು, ಗೋಡೆಯ ಸುಣ್ಣ ಎದ್ದಿದ್ದು ಕಾಣುತ್ತಿತ್ತು, ಪಕ್ಕದಲ್ಲಿ ತೂಗುಹಾಕಿದ್ದ ಬೀಡಿ ಕಂಪನಿಯ ಕ್ಯಾಲೆಂಡರ್ ಕೂಡ ಕಾಣುತ್ತಿತ್ತು. ಆದರೆ ಗಂಗಾರಾಮ ರೈಫಲ್ಲನ್ನು ಬಲಹೆಗಲಿಗೆ ಒತ್ತಿ, ನಳಿಗೆಯ ತುದಿಯ ಗುರಿಮೊನೆ ಮಖ್ಖಿಯ ಮೇಲೆ ಕಣ್ಣಿಟ್ಟ ಕೂಡಲೇ ಆ ಕರಿ ಟಿಕಳಿ ಮಾತ್ರ ಮಂಜಿನೊಳಗೆ ಹೋಗಿ ಕೂತುಬಿಡುತ್ತಿತ್ತು. ಅದರ ಜೊತೆಗೆ ಮಖ್ಖಿಯೂ ಹೋಗುತ್ತಿತ್ತು.

ನಿಪ್ಪಾಣಿಯ ಈ ಬಂದೂಕಿನ ಅಂಗಡಿಯಲ್ಲಿ ಉಸ್ಮಾನನ ತಂದೆಯ ಕಾಲದಿಂದಲೂ ಅದೊಂದು ರೂಢಿ. ಬಂದ ಗಿರಾಕಿ ಖಾಲಿ ಬಂದೂಕು ಎತ್ತಿ ಗುರಿ ಹಿಡಿದು ನೋಡಲೆಂದು ಒಳಗೋಡೆಯ ಮೇಲೆ ಹೆಂಗಸರ ಹಣೆಯ ಟಿಕಳಿಯೊಂದನ್ನು ಅಂಟಿಸಿರುತ್ತಿದ್ದರು. ಹಂದಿ ಕಾಟಕ್ಕೆ ಬೇಸತ್ತ ಕಬ್ಬಿನ ಹೊಲದವರು, ಬ್ಯಾಂಕಿನ ಕಾವಲುಗಾರರು ಎಲ್ಲರೂ ಆ ಟಿಕಳಿಗೇ ಗುರಿ ಹಿಡಿದು ಹೋದವರು.

"ಹ್ಯಾಂಗ ಅನ್ನಸತೈತ್ರಿ ಹವಾಲ್ದಾರ್ರ?" ಉಸ್ಮಾನ ಕೇಳಿದ.

"ಕುಂದಾ ಗಿಡ್ಡ ಆತು," ಎಂದು ಗಂಗಾರಾಮ ಹೆಗಲಿಗೆ ಒತ್ತಿದ್ದ ಮರದ ಹಿಡಿಯನ್ನು ತಟ್ಟಿ ರೈಫಲ್ಲನ್ನು ಮೇಜಿನ ಮೇಲೆ ಮಲಗಿಸಿದ.

ಮೊದಲನೆಯದು ಭಾರ ಎಂದಿದ್ದ. ಎರಡನೆಯದರ ಬೋಲ್ಟ್ ಬಿಗಿ ಎಂದಿದ್ದ. ಮೂರೂ ಒಳ್ಳೆಯ ರೈಫಲ್ಲುಗಳೇ. ಮೂರೂ ಅವನ ಪಿಂಚಣಿಗೆ ನಿಲುಕುವಂಥವೇ. ಪರದೇಶದ ಹೊಸ ಮಾಲಿನ ಮಾತೆತ್ತಬೇಡ ಎಂದು ಮೊದಲೇ ಹೇಳಿದ್ದರಿಂದ ಉಸ್ಮಾನ ಎಲ್ಲೆಲ್ಲಿಂದಲೋ ಹುಡುಕಿ ತರಿಸಿದ್ದ. ಸುಳ್ಳು ಹೇಳುವುದರಲ್ಲಿ ಗಂಗಾರಾಮನ ಕೈ ಯಾವತ್ತೂ ಹಿಂದೆ. ಅದು ಉಸ್ಮಾನನಿಗೆ ಗೊತ್ತಿತ್ತು.

ಬಾಗಿಲ ಬಳಿಯ ಬೆಂಚಿನ ಮೇಲೆ ಅವನ ಹೆಂಡತಿ ದ್ರೌಪದಿ ಕೂತಿದ್ದಳು. ತಮ್ಮೂರು ಭೋಜದಿಂದ ಬಸ್ಸು ಹತ್ತುವಾಗ, ನೀನ್ಯಾಕೆ ಎಂದು ಗಂಡ ಕೇಳಿದ್ದಕ್ಕೆ, "ಬಂದೂಕ ತರೂದಂದ್ರ ಮನಿಗೆ ಒಂದ ಜೀವಾ ತಂದಂಗ. ನಾನೂ ನೋಡಬ್ಯಾಡೇನು?" ಎಂದಿದ್ದಳು. ಬಂದವಳು ರೈಫಲ್ಲುಗಳನ್ನು ನೋಡಿದ್ದು ಕಡಿಮೆ, ಗಂಡನ ಮುಖ ನೋಡಿದ್ದೇ ಹೆಚ್ಚು.

ಸೈನ್ಯದಿಂದ ಬಂದ ಮೇಲೆ ಗಂಗಾರಾಮ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕೋಲು ಹಿಡಿದು ನಿಂತು ವರ್ಷಗಳನ್ನು ಕಳೆದ. ಆ ಕೆಲಸವನ್ನೂ ಬಿಟ್ಟ ಮೇಲೆ ಅವನಿಗೆ ಇದ್ದದ್ದು ಒಂದೇ ಆಸೆ. ಮತ್ತೊಮ್ಮೆ ನೆಲದ ಮೇಲೆ ಬೋರಲು ಮಲಗಿ, ಉಸಿರು ಹಿಡಿದು, ದೂರದ ಕಾಗದದ ಮೇಲಿನ ಕಪ್ಪು ವೃತ್ತಕ್ಕೆ ಗುಂಡು ಹೊಡೆಯಬೇಕು. ಕೊಲ್ಲಾಪುರದಲ್ಲಿ ದೀಪಾವಳಿಯಾದ ಮೇಲೆ ಮಾಜಿ ಸೈನಿಕರ ಪಂದ್ಯವಿತ್ತು. ಅವನ ಪಲ್ಟಣದ ಗೆಳೆಯರು ಬರುವವರಿದ್ದರು. ಓಡಾಡಿ ಓಡಾಡಿ ಲೈಸೆನ್ಸೂ ಬಂತು. ಅದು ಬರುವ ಹೊತ್ತಿಗೆ ಬಲಗಣ್ಣು ಹೋಗಿತ್ತು.

ಹೋಗಿತ್ತು ಎಂದರೆ ಪೂರ್ತಿ ಹೋಗಿರಲಿಲ್ಲ. ಪೊರೆ ತೆಗೆದದ್ದು ಸರಿಯಾಗಿಯೇ ಆಗಿದೆ, ಹಿಂದಿನ ನರವೇ ಸೊರಗಿದೆ, ನಟ್ಟನಡುವೆ ನೋಡಿದ್ದು ಮಾತ್ರ ಮಸುಕಾಗುತ್ತದೆ ಎಂದು ಮಿರಜದ ಡಾಕ್ಟರು ಹೇಳಿದ್ದರು. ಮನೆಗೆ ಬಂದು ಹೆಂಡತಿಗೆ "ಚಲೋ ಆಗೈತಿ" ಎಂದಷ್ಟೇ ಹೇಳಿದ್ದ. ಇವತ್ತು ಅಂಗಡಿಯ ಟಿಕಳಿ ಕಂಡರೆ ರೈಫಲ್ ತೆಗೆದುಕೊಳ್ಳುವುದು, ಕಾಣದಿದ್ದರೆ ಲೈಸೆನ್ಸ್ ತಿರುಗಿ ಕೊಟ್ಟು ಆ ಹುಚ್ಚನ್ನೇ ಬಿಟ್ಟುಬಿಡುವುದು ಎಂದು ಬಸ್ಸಿನಲ್ಲಿ ಕೂತೇ ಗಟ್ಟಿ ಮಾಡಿಕೊಂಡಿದ್ದ.

ಅವನು ಮೂರನೆಯ ರೈಫಲ್ಲಿನ ಬೋಲ್ಟನ್ನು ಸುಮ್ಮನೆ ಎತ್ತಿ ಎಳೆದು ಮತ್ತೆ ಮುಂದಕ್ಕೆ ತಳ್ಳಿದ. ಖಟಕ್, ಖಟಕ್. ಆ ಸದ್ದಿಗೆ ಬೆಳಗಾವಿಯ ಟ್ರೇನಿಂಗಿನ ಬೆಳಗು ಎದ್ದು ಬಂತು: ಎಣ್ಣೆಯ ವಾಸನೆ, ಮೊಳಕೈ ಕೆಳಗಿನ ತಣ್ಣನೆ ಕೆಂಪು ಮಣ್ಣು, ಸಾಲಾಗಿ ಮಲಗಿದ ಮೀಸೆ ಮೂಡದ ಹುಡುಗರು. ಆ ಸಾಲಿನಲ್ಲಿ ತನ್ನಷ್ಟು ನಿಶ್ಚಿಂತೆಯಿಂದ ಮಲಗಿದವರು ಯಾರೂ ಇರಲಿಲ್ಲ. ಅಷ್ಟು ಸುಖ ಮತ್ತೆ ಯಾವ ಹಾಸಿಗೆಯಲ್ಲೂ ಸಿಕ್ಕಿರಲಿಲ್ಲ ಅವನಿಗೆ. ಅವನು ರೈಫಲ್ಲನ್ನು ಉಸ್ಮಾನನ ಕಡೆಗೆ ಸರಿಸಿದ.

"ಇರಲಿ ಬಿಡೋ ಉಸ್ಮಾನಾ," ಎಂದ. "ಇನ್ನೊಮ್ಮೆ ನೋಡೂಣು."

ಆಗ ದ್ರೌಪದಿ ಬೆಂಚಿನಿಂದಲೇ ಕೇಳಿದಳು: "ಉಸ್ಮಾನ ಭಾಯಿ, ಎಡಗೈದು ಒಂದೂ ಇಲ್ಲೇನ್ರಿ?"

ಇಬ್ಬರೂ ತಿರುಗಿ ನೋಡಿದರು. ಉಸ್ಮಾನ ತಲೆ ಕೆರೆದುಕೊಂಡ.

"ಐತ್ರಿ ವೈನಿ. ಕೊಲ್ಲಾಪುರದ ಒಬ್ಬ ಎಡಚರ ಸಾಹೇಬ್ರದು. ಅವ್ರು ಮಾರಿ ಹೋಗಿ ಭಾಳ ದಿನಾ ಆತು. ಮಾಲು ಇವೆಲ್ಲಾದಕ್ಕಿಂತ ಚಲೋ ಐತಿ, ಆದ್ರ ಬೋಲ್ಟ್ ಎಡಕ್ಕೈತಿ. ಅದನ್ಯಾರು ಒಯ್ತಾರ್ರಿ? ಅರ್ಧಾ ರೇಟಿಗೂ ಕೈ ಹಚ್ಚೂದಿಲ್ಲ ಯಾರೂ."

ಅವನು ಒಳಗೆ ಹೋಗಿ ಹಳೆಯ ಕಂಬಳಿಯಲ್ಲಿ ಸುತ್ತಿದ್ದನ್ನು ತಂದು ಬಿಚ್ಚಿದ. ಅಕ್ರೋಟ ಮರದ ಕುಂದಾ, ಕೆನ್ನೆ ತಾಗುವಲ್ಲಿ ಸವೆದು ಮಿನುಗುತ್ತಿತ್ತು. ನಳಿಗೆಯೊಳಗೆ ಒಂದು ಕಲೆಯಿರಲಿಲ್ಲ. ಗಂಗಾರಾಮನ ಕೈ ತಾನಾಗಿ ಮುಂದೆ ಹೋಯಿತು. ಬೋಲ್ಟ್ ಇರಬೇಕಾದಲ್ಲಿ ಇಲ್ಲದ್ದನ್ನು ಕಂಡು ಹಾಗೆಯೇ ಹಿಂದೆ ಬಂತು.

"ಎಡಗೈಲೆ ನೇಮ ಹುಕತೈತಿ," ಎಂದ.

ಬಾಯಿಂದ ಬಿದ್ದ ಮೇಲೆ ಅದು ತನ್ನ ಮಾತಲ್ಲ, ತನ್ನ ಅವ್ವನ ಮಾತು ಎಂದು ಅವನಿಗೆ ಹೊಳೆಯಿತು. ದ್ರೌಪದಿ ಅಷ್ಟು ಹೊತ್ತು ಮಡಿಲಲ್ಲಿ ಇಟ್ಟುಕೊಂಡಿದ್ದ ಚೀಲವನ್ನು ಬೆಂಚಿನ ಮೇಲಿಟ್ಟು ಎದ್ದು ನಿಂತಳು.

ಲಗ್ನವಾದ ವರ್ಷದ ಮಾತು ಅದು. ರಜೆಯಲ್ಲಿ ಬಂದಿದ್ದ ಗಂಗಾರಾಮ ಹೊಸ ಹೆಂಡತಿಯನ್ನು ನಿಪ್ಪಾಣಿಯ ಉರುಸಿಗೆ ಕರೆದುಕೊಂಡು ಬಂದಿದ್ದ. ಬಲೂನಿಗೆ ಗುಂಡು ಹೊಡೆಯುವ ಗಾಡಿಯ ಮುಂದೆ ನಿಂತು, ತನ್ನ ಜಾಣತನ ತೋರಿಸಿದ ಮೇಲೆ, ಬಂದೂಕನ್ನು ಅವಳ ಕೈಗೆ ಕೊಟ್ಟ. ಅವಳು ನಾಚುತ್ತಲೇ ಅದನ್ನು ಎಡಹೆಗಲಿಗೆ ಇಟ್ಟುಕೊಂಡಳು. "ಮೊಳಕೈ ಒಳಗ ತಗೊ, ಉಸರ ಹಿಡಿ, ಘೋಡಾ ಜಗ್ಗಬ್ಯಾಡ, ಹಿಂಡು," ಎಂದು ಇವನು ಅವಳ ಬೆರಳನ್ನು ಟ್ರಿಗರಿನ ಮೇಲಿಟ್ಟು ಉಸ್ತಾದನ ಗತ್ತಿನಲ್ಲಿ ಹೇಳಿಕೊಟ್ಟ. ಬಲೂನುಗಳು ಒಂದರ ಹಿಂದೊಂದು ಪಟಪಟನೆ ಒಡೆದವು. ಗಾಡಿಯವನು ಬಂದೂಕು ಕಸಿದುಕೊಂಡ. ದ್ರೌಪದಿಗಾಗಿ ಗುರಿ ಹೊಡೆಯಬೇಕಾದವನು ಗಂಡ, ಇಲ್ಲಿ ದ್ರೌಪದಿಯೇ ಹೊಡೆದಳಲ್ಲ ಎಂದು ಗಂಗಾರಾಮ ದಾರಿಯುದ್ದಕ್ಕೂ ನಕ್ಕ. ಅವಳ ಎಡಗೈಯನ್ನು ಊರು ಬರುವವರೆಗೂ ಬಿಡಲಿಲ್ಲ.

ಮರುದಿನ ಅವನು ಪಲ್ಟಣದ ಪಂದ್ಯಕ್ಕೆ ಹೊರಟಿದ್ದ. ದ್ರೌಪದಿ ಅವಸರದಲ್ಲಿ ಎಡಗೈಯಿಂದ ಅನ್ನ ಬಡಿಸಿದಳು. ಅತ್ತೆ ಅಕ್ಕವ್ವ ಅದನ್ನು ನೋಡಿಬಿಟ್ಟಳು. "ಎಡಗೈ ಊಟ ಉಂಡ ಹೋದ್ರ ನನ್ನ ಮಗನ ನೇಮ ಹುಕತೈತಿ," ಎಂದು ಸೌಟು ಕಸಿದುಕೊಂಡಳು. ಹಾಗೆ ಅಂದದ್ದೇ ತಡ, ಇವನು ಆ ಪಂದ್ಯದಲ್ಲಿ ಸೋತು ಬಂದ. ಅವತ್ತಿನಿಂದ ದ್ರೌಪದಿಯ ಎಡಗೈ ತಾಟಿನ ಹತ್ತಿರ ಬಂದದ್ದನ್ನು ಅವನು ನೋಡಿಲ್ಲ. ನೋಡಿಲ್ಲ ಎಂಬುದನ್ನೂ ಗಮನಿಸಿರಲಿಲ್ಲ.

"ನಾ ಕರೋಶಿ ಊರಾಕಿ, ಉಸ್ಮಾನ ಭಾಯಿ," ದ್ರೌಪದಿ ಉಸ್ಮಾನನಿಗೆ ಹೇಳಿದಳು, ಕೇಳಬೇಕಾದವನು ಗಂಡ ಎಂಬುದು ಮೂವರಿಗೂ ಗೊತ್ತಿದ್ದರೂ. "ನಮ್ಮ ಮನ್ಯಾಗ ಮರಾಠಿ ಬರತಿದ್ದಿಲ್ಲ. ನೇಮ ಅಂದ್ರ ಇವ್ರು ಮರಾಠ್ಯಾಗ ಗುರಿಗೆ ಅಂತಾರ, ಹುಕೂದಂದ್ರ ತಪ್ಪೂದು ಅನ್ನೂದು ನನಗೇನ ಗೊತ್ತು? ನೇಮ ಅಂದ್ರ ದೇವರ ನೇಮ ಅಂತ ತಿಳಕೊಂಡ್ನಿ. ಮಿಲಿಟರ್ಯಾಗ ಇವ್ರು ಏನೋ ನೇಮ ಹಿಡದಾರ, ನನ್ನ ಎಡಗೈಲಿಂದ ಅದು ಕೆಟ್ಟೀತು ಅಂತ, ನಾನೂ ಒಂದ ನೇಮ ಹಿಡದ್ನಿ. ಬಡಸೂದೆಲ್ಲಾ ಬಲಗೈಲೆ."

ಉಸ್ಮಾನ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದ. "ಆಮ್ಯಾಗ ತಿಳೀಲಿಲ್ಲೇನ್ರಿ?"

"ತಿಳೀತು. ಓಣ್ಯಾಗ ಹುಡುಗೂರು ಗೋಟಿ ಆಡೂವಾಗ ನೇಮ ಹುಕಲಾ, ನೇಮ ಹುಕಲಾ ಅಂತ ಚೀರತಿದ್ರು. ಅವಾಗ ತಿಳೀತು. ನಾ ಒಬ್ಬಾಕಿನ ಕುಂತ ನಕ್ಕೇನಿ." ಅವಳು ಸೆರಗು ಸರಿಮಾಡಿಕೊಂಡಳು. "ಆದ್ರ ಬಿಡಾಕ ಮನಸ ಬರಲಿಲ್ಲ. ಇವ್ರು ಗಡಿಮ್ಯಾಲೆ ಇರತಿದ್ರು. ಗುರಿನೂ ತಪ್ಪಬಾರದಲ್ಲಾ."

ಗಂಗಾರಾಮ ಮೇಜಿನ ಮೇಲಿನ ರೈಫಲ್ಲನ್ನೇ ನೋಡುತ್ತ ನಿಂತ. ಇಷ್ಟು ವರ್ಷ ತಾನು ಗೆದ್ದು ತಂದ ಬಿಲ್ಲೆಗಳನ್ನೆಲ್ಲ ತನ್ನ ಕಣ್ಣಿನ, ತನ್ನ ಕೈಯ ಗಳಿಕೆ ಎಂದೇ ತಿಳಿದಿದ್ದ.

"ಕಣ್ಣಿಂದು ನಿನಗ ಹ್ಯಾಂಗ ಗೊತ್ತಾತು?" ಎಂದು ಮೆಲ್ಲನೆ ಕೇಳಿದ.

"ಟೀವಿ ನೋಡೂವಾಗ ಕುತ್ತಿಗಿ ಬಲಕ್ಕ ತಿರವತೀರಿ. ಚಾ ಕಪ್ಪಿನ ಬಾಜೂಕ ಕೈ ಹಾಕತೀರಿ. ನಾ ಏನ ಕುರುಡಿ ಅದೀನೇನು?" ಎಂದಳು ದ್ರೌಪದಿ. "ನಾ ಬಲಗೈ ಕಲತೇನಿ. ನೀವ ಎಡಗೈ ಕಲೀರಿ."

ಉಸ್ಮಾನನಿಗೆ ಈಗ ಎಲ್ಲ ಅರ್ಥವಾಯಿತು. ಅವನು ವ್ಯಾಪಾರಿಯ ದನಿ ಬಿಟ್ಟು ಹೇಳಿದ: "ವೈನಿ ಹೇಳೂದು ಖರೆ ಐತ್ರಿ ಹವಾಲ್ದಾರ್ರ. ಬಲಗೈ ರೈಫಲ್ ಎಡಹೆಗಲಿಗೆ ಇಟ್ರ ಸಲಾ ಸಲಾ ಮಾರಿ ಮ್ಯಾಲಿಂದ ಕೈ ಚಾಚಿ ಬೋಲ್ಟ್ ಎಳೀಬೇಕು, ನೇಮ ಅಳ್ಳಾಡತೈತಿ. ಇದಕ ಆ ತ್ರಾಸ ಇಲ್ಲ. ಎತ್ತಿ ನೋಡ್ರಿ, ರೊಕ್ಕಾ ಏನ ಕೇಳೂದಿಲ್ಲ ನಾ."

ಗಂಗಾರಾಮ ಎತ್ತಿದ. ಎಡಹೆಗಲಿಗೆ ಕುಂದಾ ಇಟ್ಟರೆ ಅದು ಬೇರೆಯವರ ಹೆಗಲು ಎನ್ನಿಸಿತು. ಮೊದಲ ಸಲ ಸೈಕಲ್ ಹತ್ತಿದವನ ಹಾಗೆ ಮೈಯೆಲ್ಲ ಒಂದು ಕಡೆ ವಾಲಿತು. ಪಲ್ಟಣದಲ್ಲಿ ಎಷ್ಟೋ ಹುಡುಗರಿಗೆ ನಿಲ್ಲುವುದನ್ನು ಕಲಿಸಿದವನು, ಈಗ ಯಾವ ಕಾಲು ಮುಂದಿಡಬೇಕೆಂದು ತಿಳಿಯದೆ ಎರಡು ಸಲ ಕಾಲು ಬದಲಿಸಿದ.

"ಮೊಳಕೈ ಒಳಗ ತಗೋರಿ," ಎಂದಳು ದ್ರೌಪದಿ.

ಮೊಳಕೈ ಒಳಗೆ ತೆಗೆದುಕೊಂಡ. ಇನ್ನೊಂದು ಫಜೀತಿ ಎದುರಾಯಿತು. ಜೀವನವಿಡೀ ಎಡಗಣ್ಣು ಮುಚ್ಚಿ ರೂಢಿಯಾದವನಿಗೆ ಬಲಗಣ್ಣೊಂದನ್ನೇ ಮುಚ್ಚಲು ಬರುತ್ತಿರಲಿಲ್ಲ. ಮುಚ್ಚಹೋದರೆ ಎರಡೂ ಮುಚ್ಚುತ್ತಿದ್ದವು, ತೆರೆದರೆ ಎರಡೂ ತೆರೆಯುತ್ತಿದ್ದವು. ತೆರೆದ ಕೂಡಲೇ ಬಲಗಣ್ಣಿನ ಮಂಜು ಎಡಗಣ್ಣಿನ ನೋಟದ ಮೇಲೂ ಹಾಯುತ್ತಿತ್ತು. ತುಟಿ ಸೊಟ್ಟ ಮಾಡಿ, ಕೆನ್ನೆ ಎಳೆದು, ಏನೆಲ್ಲ ಮಾಡಿ ನೋಡಿದ. ಉಸ್ಮಾನ ಹೊರಗಿನ ರಸ್ತೆಯನ್ನು ನೋಡತೊಡಗಿದ.

"ಆಗೂದಿಲ್ಲ ಬಿಡ," ಎಂದ ಗಂಗಾರಾಮ, ರೈಫಲ್ ಇಳಿಸದೆ.

ದ್ರೌಪದಿ ಹಿಂದಿನಿಂದ ಬಂದು ನಿಂತಳು. ಅವನ ತಲೆಯ ಮೇಲಿಂದ ಕೈ ಚಾಚಿ ಬಲಗಣ್ಣಿನ ಮೇಲೆ ಅಂಗೈ ಮುಚ್ಚಿದಳು. ಅಂಗೈಯಲ್ಲಿ ಬೆಳಿಗ್ಗೆ ಸುಲಿದ ಬೆಳ್ಳುಳ್ಳಿಯ ವಾಸನೆ ಇನ್ನೂ ಇತ್ತು. ಅದು ಎಡಗೈ ಎಂದು ಬಳೆಯ ಸದ್ದು ಬಂದ ದಿಕ್ಕಿನಿಂದ ಅವನಿಗೆ ಗೊತ್ತಾಯಿತು.

ಗೋಡೆಯ ಮೇಲೆ ಟಿಕಳಿ ಕಂಡಿತು. ದುಂಡಗೆ, ಕರ್ರಗೆ, ಅಂಚು ಕೂಡ ಕಾಣುವ ಹಾಗೆ ಕಂಡಿತು. ಮಖ್ಖಿ ಬಂದು ಅದರ ಕೆಳಗೆ ನಿಂತಿತು. ಗಂಗಾರಾಮ ಉಸಿರು ಅರ್ಧ ಬಿಟ್ಟು ಹಿಡಿದ. ಬೆರಳು ಘೋಡಾದ ಮೇಲೆ ಹೋಯಿತು, ಜಗ್ಗಲಿಲ್ಲ, ಹಿಂಡಿತು. ಖಾಲಿ ರೈಫಲ್ ಟಕ್ ಎಂದಿತು. ಮಖ್ಖಿ ಅಲ್ಲಾಡಲಿಲ್ಲ.

ಲೈಸೆನ್ಸಿನ ಮೇಲೆ ನಂಬರು ಏರಿಸುವ ಸರ್ಕಾರಿ ಕೆಲಸ ಮುಗಿಯುವವರೆಗೆ ಕೊಂಡ ರೈಫಲ್ ಅಂಗಡಿಯಲ್ಲೇ ಇರಬೇಕಾಗಿತ್ತು. ಇನ್ಯಾರೂ ಅದನ್ನು ಕೇಳಿಕೊಂಡು ಬರುವುದಿಲ್ಲ ಎಂದು ಉಸ್ಮಾನ ನಕ್ಕು ಅದನ್ನು ಮತ್ತೆ ಕಂಬಳಿಯಲ್ಲಿ ಸುತ್ತಿದ. ಬಲಗಣ್ಣಿಗೆ ಕಟ್ಟಲು ಕರಿ ಬಟ್ಟೆಯ ಪಟ್ಟಿಯೊಂದು ಸಿಗುತ್ತದೆ, ಪಂದ್ಯದಲ್ಲಿ ಅದನ್ನು ಕಟ್ಟಿಕೊಂಡವರನ್ನು ತಾನು ನೋಡಿದ್ದೇನೆ ಎಂದೂ ಹೇಳಿದ. ಗಂಗಾರಾಮ ಅದಕ್ಕೆ ಹೂಂ ಎಂದನಾದರೂ ಪಟ್ಟಿ ಬೇಕೆನ್ನಲಿಲ್ಲ.

ಭೋಜಕ್ಕೆ ಬಂದಾಗ ಇನ್ನೂ ಬಿಸಿಲಿತ್ತು. ಗಂಗಾರಾಮ ಅಂಗಳದಲ್ಲಿ ತಾಡಪತ್ರಿ ಹಾಸಿ, ಗೋಡೆಗೊಂದು ಟಿಕಳಿ ಅಂಟಿಸಿ, ಬಡಿಗೆಯನ್ನೇ ರೈಫಲ್ ಮಾಡಿ ಎಡಹೆಗಲಿಗಿಟ್ಟು ಬೋರಲು ಮಲಗಿದ. ರಜೆಯಲ್ಲಿ ಬಂದಾಗಲೆಲ್ಲ ಮಾಡುತ್ತಿದ್ದ ಹಾಗೆ ಬಡಿಗೆಯ ತುದಿಗೆ ಒಂದು ನಾಣ್ಯವಿಟ್ಟ. ಹಿಂದೆ ಆ ನಾಣ್ಯ ಬೇಕೆಂದಷ್ಟು ಹೊತ್ತು ಕೂತಿರುತ್ತಿತ್ತು. ಇವತ್ತು ಮತ್ತೆ ಮತ್ತೆ ಉರುಳಿತು. ಅವನು ಮತ್ತೆ ಮತ್ತೆ ಇಟ್ಟ.

"ಸಾಕ ಏಳ್ರಿ, ರೊಟ್ಟಿ ಆರತಾವ," ಎಂದು ದ್ರೌಪದಿ ಒಳಗಿನಿಂದ ಕೂಗಿದಳು.

ತಾಟಿನ ಮುಂದೆ ಕೂತ. ರೊಟ್ಟಿ ಹಾಕಿ ಅವಳು ಕಡಲೆಹಿಟ್ಟಿನ ಝುಣಕದ ಪಾತ್ರೆ ಎತ್ತಿಕೊಂಡಳು. ಸೌಟು ಬಲಗೈಯಲ್ಲಿತ್ತು. ಗಂಗಾರಾಮ ತನ್ನ ತಾಟನ್ನು ಎತ್ತಿ ಅವಳ ಎಡಕ್ಕೆ ಸರಿಸಿಟ್ಟ. ಗೋಡೆಯ ಮೇಲಿನ ಫೋಟೋದೊಳಗಿಂದ ಅಕ್ಕವ್ವ ನೋಡುತ್ತಿದ್ದಳು.

ದ್ರೌಪದಿ ಫೋಟೋದ ಕಡೆಗೊಮ್ಮೆ ನೋಡಿದಳು. ಆಮೇಲೆ ಸೌಟನ್ನು ಎಡಗೈಗೆ ತೆಗೆದುಕೊಂಡು ಬಡಿಸಿದಳು. ಇಷ್ಟು ವರ್ಷದ ರೂಢಿ ತಪ್ಪಿದ ಕೈ ಸೌಟನ್ನು ಬೇಗ ವಾಲಿಸಿಬಿಟ್ಟಿತು. ಝುಣಕ ಅರ್ಧ ತಾಟಿನಲ್ಲಿ, ಅರ್ಧ ನೆಲದ ಮೇಲೆ ಬಿತ್ತು.

"ನೇಮ ಹುಕಿತು ನೋಡ್ರಿ," ಎಂದಳು.

ಗಂಗಾರಾಮ ನೆಲದ ಮೇಲೆ ಬಿದ್ದದ್ದನ್ನು ಬೆರಳಿನಿಂದ ಬಳಿದು ಬಾಯಿಗಿಟ್ಟುಕೊಂಡ. ಮತ್ತೆ ತಾಟನ್ನು ಮುಂದೆ ಹಿಡಿದ.

"ಇನ್ನೊಮ್ಮೆ ಹಾಕ," ಎಂದ.